ಕಪ್ಪು ಗಾಜು ಯಾವ ದಿಕ್ಕಿಗೆ?



ಮೊಬೈಲ್ ಅಂಗಡಿಗೆ ಹೋಗಿ ‘ಪರದೆಗೆ ಒಂದು ಟೆಂಪರ್ ಗಾಜು ಹಾಕಿ ಮಾರಾಯ್ರೆ’ ಅಂದರೆ ಹಿಂದೆಲ್ಲ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಹಾಗಲ್ಲ. ಕೊಪ್ಪವಿರಲಿ, ಶೃಂಗೇರಿಯಿರಲಿ, ನಮ್ಮ ಕಮ್ಮರಡಿಯಂಥ ಪುಟ್ಟ ಪೇಟೆಯೇ ಇರಲಿ, ಅಂಗಡಿಯವರು ಮರುಪ್ರಶ್ನೆ ಹಾಕುತ್ತಾರೆ: ‘ಪ್ಲೇನಾ, ಮ್ಯಾಟಾ, ಪ್ರೈವೆಸಿಯಾ?’ ಪ್ರೈವೆಸಿ ಎಂದರೆ ಹಿಡಿದವರಿಗೆ ಕಾಣಿಸಿ, ಪಕ್ಕದವರಿಗೆ ಕಪ್ಪಾಗಿ ತೋರುವ ಗಾಜು. ಬೆಲೆ ಸ್ವಲ್ಪ ಜಾಸ್ತಿ. ಆದರೂ ಯಾರೂ ಇಣುಕುವ ಹಾಗಿಲ್ಲವಲ್ಲ ಎಂದು ನಾವು ತಲೆಯಾಡಿಸಿಬಿಡುತ್ತೇವೆ.

ಫೋನಿನ ಮಟ್ಟಿಗೆ ಅದರಿಂದ ಅಂಥ ನಷ್ಟವೇನೂ ಇಲ್ಲ. ಆದರೆ ಈಚೆಗೆ ಮಲೆನಾಡಿನ ಮನೆಗಳಿಗೆ ಇನ್ನೊಂದು ವಸ್ತು ಬರತೊಡಗಿದೆ. ಎರಡು ಕೈಯಲ್ಲಿ ಅಡ್ಡಲಾಗಿ ಹಿಡಿದು ಆಡುವ ಗೇಮಿಂಗ್ ಯಂತ್ರ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ-ಸೊಸೆ ರಜೆಗೆ ಬರುವಾಗ ಚೀಲದಲ್ಲಿ ಬರುವ ನಿಂಟೆಂಡೊ ಸ್ವಿಚ್, ಸ್ಟೀಮ್ ಡೆಕ್. 2023ರಿಂದ ನಮ್ಮ ದೇಶದ ಅಂಗಡಿಗಳಲ್ಲೇ ಸಿಗುವ ಏಸಸ್ ಕಂಪನಿಯ ರಾಗ್ ಅಲೈ. ಇವಕ್ಕೂ ಪ್ರೈವೆಸಿ ಗಾಜು ಹಾಕಿಸಿದರೆ ಹೇಗೆ ಎಂದು ಕೇಳುವವರು ಇದ್ದಾರೆ. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಅದನ್ನೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಫೋನಿಗೆ ಯೋಚಿಸಿ ಹಾಕಿಸಿ, ಆಟದ ಯಂತ್ರಕ್ಕೆ ಬಹುಮಟ್ಟಿಗೆ ಬೇಡ. ಯಾಕೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಹೆದರಬೇಡಿ, ಹೈಸ್ಕೂಲು ದಾಟಿದ ಲೆಕ್ಕವಲ್ಲ.

ಈ ಗಾಜಿನ ಒಳಗೆ ಇರುವುದೇನು? ಅಂಗಡಿಯಲ್ಲಿ ಇನ್ನೂ ಅಂಟಿಸದ ಒಂದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ನೇರವಾಗಿ ನೋಡಿದರೆ ಹೊಗೆ ಹಿಡಿದಂತೆ ಕೊಂಚ ಮಬ್ಬು, ಅಷ್ಟೆ. ಆಚೆಯ ರಸ್ತೆ, ಬಸ್ಸು, ಎದುರಿನ ಬೋರ್ಡು ಎಲ್ಲ ಕಾಣುತ್ತದೆ. ಈಗ ಅದನ್ನು ಬಾಗಿಲು ತೆರೆದಂತೆ ಎಡಕ್ಕೆ ತಿರುಗಿಸುತ್ತ ಹೋಗಿ. ರಸ್ತೆ ಮಂಕಾಗುತ್ತದೆ, ಇನ್ನಷ್ಟು ಮಂಕಾಗುತ್ತದೆ, ಒಂದು ಹಂತದಲ್ಲಿ ಪೂರ್ತಿ ಕಪ್ಪು. ಬಲಕ್ಕೂ ಹಾಗೆಯೇ. ಆದರೆ ಮೇಲಂಚನ್ನು ನಿಮ್ಮ ಕಡೆಗೆ ಬಗ್ಗಿಸಿ ನೋಡಿ, ಎಷ್ಟು ಬಗ್ಗಿಸಿದರೂ ರಸ್ತೆ ಕಾಣುತ್ತಲೇ ಇರುತ್ತದೆ. ಗುಟ್ಟು ಇರುವುದು ಇಲ್ಲಿ. ಗಾಜಿನ ಜೊತೆ ಅಂಟಿಸಿರುವ ಪ್ಲಾಸ್ಟಿಕ್ ಪದರದಲ್ಲಿ ಕೂದಲಿಗಿಂತ ತೆಳುವಾದ ಕಪ್ಪು ಹಾಳೆಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿರುತ್ತವೆ. ನಮ್ಮ ಅಡಿಕೆ ತೋಟವನ್ನು ನೆನೆದುಕೊಳ್ಳಿ. ಸಾಲಿನ ತಲೆಯಲ್ಲಿ ನಿಂತರೆ ಆ ತುದಿಯ ಬೇಲಿಯವರೆಗೂ ನೋಟ ಹರಿಯುತ್ತದೆ; ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮರಗಳೇ ಒಂದರ ಹಿಂದೆ ಒಂದು ಬಂದು ಕಣ್ಣಿಗೆ ಅಡ್ಡ ನಿಲ್ಲುತ್ತವೆ.

ಇದು ಫೋನಿಗೆಂದೇ ಹುಟ್ಟಿದ ವಿದ್ಯೆಯಲ್ಲ. ವಾಹನಗಳ ಒಳಗಿನ ಮೀಟರುಗಳ ಬೆಳಕು ರಾತ್ರಿ ಹೊತ್ತು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಚಾಲಕರ ಕಣ್ಣು ಕುಕ್ಕದಿರಲಿ ಎಂದು ಇಂಥ ಪದರಗಳನ್ನು ಬಳಸುತ್ತ ಬಂದಿದ್ದಾರೆ. ಅಮೆರಿಕದ 3ಎಂ ಕಂಪನಿ ಇದರಲ್ಲಿ ಹೆಸರು ಮಾಡಿತು. ಎಟಿಎಂ ಯಂತ್ರದ ಪರದೆಗೆ, ಬ್ಯಾಂಕಿನ ಕಂಪ್ಯೂಟರಿಗೆ ಬಂದು, ಕೊನೆಗೆ ನಮ್ಮ ಜೇಬಿಗೂ ಬಂತು. ತಮಾಷೆಯೆಂದರೆ, ಹಳೆಯ ಲ್ಯಾಪ್‌ಟಾಪ್ ಪರದೆಗಳನ್ನು ಓರೆಯಿಂದ ನೋಡಿದರೆ ಬಣ್ಣ ತಿರುವುಮುರುವಾಗಿ ಏನೂ ತಿಳಿಯುತ್ತಿರಲಿಲ್ಲ. ಅದನ್ನು ದೋಷವೆಂದು ಬಗೆದು ಎಂಜಿನಿಯರುಗಳು ವರ್ಷಗಟ್ಟಲೆ ಹೆಣಗಿದರು. ಜಪಾನಿನ ಹಿಟಾಚಿ 1996ರಲ್ಲಿ ಐಪಿಎಸ್ ಪರದೆ ತಂದ ಮೇಲೆ ಯಾವ ಮೂಲೆಯಿಂದ ನೋಡಿದರೂ ಚಿತ್ರ ಒಂದೇ ಥರ ಕಾಣತೊಡಗಿತು. ಈಗ ಆ ಸವಲತ್ತನ್ನು ಕಳೆದುಕೊಳ್ಳಲು ನಾವು ಪ್ರತ್ಯೇಕ ದುಡ್ಡು ಕೊಡುತ್ತಿದ್ದೇವೆ.

ಇನ್ನು ಕೋನದ ಲೆಕ್ಕ. ಮಾರುಕಟ್ಟೆಯ ಬಹುಪಾಲು ಪ್ರೈವೆಸಿ ಗಾಜುಗಳು ನಡುವಿನಿಂದ ಎಡಕ್ಕೆ ಸುಮಾರು 30 ಡಿಗ್ರಿ, ಬಲಕ್ಕೆ ಸುಮಾರು 30 ಡಿಗ್ರಿ ದಾಟಿದರೆ ಕಪ್ಪಾಗುವಂಥವು. ಇದನ್ನು ಬಸ್ಸಿನೊಳಗೆ ಕೂತು ಪರೀಕ್ಷಿಸೋಣ. ನಮ್ಮ ಕಡೆ ಒಬ್ಬರ ಗುಟ್ಟು ಇನ್ನೊಬ್ಬರ ಕಣ್ಣಿಗೆ ಬೀಳುವುದಿದ್ದರೆ ಅದು ಬಸ್ಸಿನಲ್ಲೇ. ಕೊಪ್ಪದ ಸಹಕಾರ ಸಾರಿಗೆಯನ್ನು ಮರೆತವರುಂಟೇ? ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿಕೊಂಡು, 2020ರಲ್ಲಿ ನಿಲ್ಲಿಸಬೇಕಾಗಿ ಬಂದ ಸಂಸ್ಥೆ. ಆ ಬಸ್ಸುಗಳಲ್ಲಿ ಒಬ್ಬರು ಕೊಂಡ ಪೇಪರನ್ನು ಮೂವರು ಓದುವುದು ಸಾಮಾನ್ಯವಾಗಿತ್ತು. ಪಕ್ಕದವರು ಮುಖಪುಟ ಮುಗಿಸುವ ತನಕ ಹಾಳೆ ಮಗುಚದೆ ಕಾಯುವ ಸೌಜನ್ಯವೂ ಇತ್ತು. ಇಣುಕುವ ಚಟಕ್ಕೆ ಮೊಬೈಲನ್ನು ದೂರಿ ಫಲವಿಲ್ಲ, ಅದು ನಮ್ಮ ಹಳೆಯ ಆಸ್ತಿ.

ಇರಲಿ. ಫೋನು ನಿಮ್ಮ ಕಣ್ಣಿನಿಂದ ಸುಮಾರು 35 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ಪಕ್ಕದ ಸೀಟಿನವರ ತಲೆ ನಿಮ್ಮ ತಲೆಯಿಂದ ಸುಮಾರು 45 ಸೆಂಟಿಮೀಟರ್ ಆಚೆ. ಅವರು ನಿಮ್ಮ ಪರದೆಯನ್ನು ನೋಡುವ ಕೋನ 50 ಡಿಗ್ರಿ ಮೀರುತ್ತದೆ. ಅವರಿಗೆ ಕಪ್ಪು. ಗಾಜು ಗೆದ್ದಿತು. ಆದರೆ ನಿಮ್ಮ ಹಿಂದಿನ ಸೀಟಿನವರು ಹೆಗಲ ಮೇಲಿಂದ ಬಗ್ಗಿ ನೋಡಿದರೆ? ಅವರ ಕಣ್ಣು ಪರದೆಯಿಂದ 60 ಸೆಂಟಿಮೀಟರ್ ದೂರ, ಪಕ್ಕಕ್ಕೆ ಸರಿದಿರುವುದು 20 ಸೆಂಟಿಮೀಟರ್ ಮಾತ್ರ. ಕೋನ 20 ಡಿಗ್ರಿಯೂ ಆಗುವುದಿಲ್ಲ. ಅವರಿಗೆ ಮಬ್ಬಾಗಿಯಾದರೂ ಎಲ್ಲ ಕಾಣುತ್ತದೆ. ನಡುವೆ ಕಂಬಿ ಹಿಡಿದು ನಿಂತವರಿಗೋ, ನೇರ ಮೇಲಿಂದ ನೋಡಿದರೆ ಮಾಮೂಲಿ ಗಾಜು ಅಡ್ಡಿಯನ್ನೇ ಮಾಡುವುದಿಲ್ಲ. ಅದು ಕಾಯುವುದು ಎಡ ಬಲ ಎರಡೇ ದಿಕ್ಕನ್ನು. ನಾಲ್ಕು ದಿಕ್ಕಿಗೂ ಕಪ್ಪಾಗುವ ಗಾಜು ಬೇರೆ ಇದೆ. ಒಂದು ಪದರ ನೆಟ್ಟಗೆ, ಇನ್ನೊಂದು ಅಡ್ಡಡ್ಡ. ಎರಡು ಪದರ ಬೆಳಕು ತಿಂದರೆ ಉಳಿಯುವುದೆಷ್ಟು ಎಂದು ನೀವೇ ಊಹಿಸಿ.

ಈಗ ಆಟದ ಯಂತ್ರಕ್ಕೆ ಬರುತ್ತೇನೆ. ಫೋನನ್ನು ನಾವು ಉದ್ದುದ್ದ ಹಿಡಿಯುತ್ತೇವೆ, ಹಾಗಾಗಿ ಅದರ ಗಾಜಿನ ಕಪ್ಪು ಗೆರೆಗಳು ಉದ್ದಂಚಿಗೆ ಸಮನಾಗಿ ನಿಂತಿರುತ್ತವೆ. ಅದೇ ಫೋನನ್ನು ಬಿಜಿಎಂಐ ಥರದ ಆಟ ಆಡಲೆಂದು ಅಡ್ಡ ತಿರುಗಿಸಿದಿರಿ ಎನ್ನಿ, ಗೆರೆಗಳೂ ಅಡ್ಡ ಮಲಗುತ್ತವೆ. ಆಗ ಪಕ್ಕದ ಸೀಟಿನವರಿಗೆ ಎಲ್ಲ ಢಾಳಾಗಿ ಕಾಣುತ್ತದೆ. ತೊಡೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಆಡುವ ನಿಮಗೇ ಪರದೆ ಕಪ್ಪು. ದುಡ್ಡು ಕೊಟ್ಟವರಿಗೆ ಕತ್ತಲೆ, ಇಣುಕುವವರಿಗೆ ಬೆಳಕು. ಸ್ವಿಚ್, ಸ್ಟೀಮ್ ಡೆಕ್‌ಗಳಂತೂ ಹುಟ್ಟಿದ್ದೇ ಅಡ್ಡಕ್ಕೆ. ಅವಕ್ಕೆ ಬೇಕಾದ್ದು ಗೆರೆಗಳು ಗಿಡ್ಡ ಅಂಚಿಗೆ ಸಮನಾಗಿ ನಿಂತ ಗಾಜು.

ಅದು ನಮ್ಮ ಪೇಟೆಗಳಲ್ಲಿ ತಯಾರಾಗಿ ಸಿಗುವುದು ಕಷ್ಟ. ಆಗ ಅಂಗಡಿಯವರು ಒಂದು ಉಪಾಯ ಹೇಳುತ್ತಾರೆ: ಅಳತೆ ಕೊಡಿ, ಮೆಷಿನ್ನಿನಲ್ಲಿ ಹೈಡ್ರೋಜೆಲ್ ಹಾಳೆ ಕತ್ತರಿಸಿ ಹಾಕುತ್ತೇವೆ. ಒಳ್ಳೆಯ ಉಪಾಯವೇ, ಸಾದಾ ಹಾಳೆಗೆ ಏನೂ ತೊಂದರೆಯಿಲ್ಲ. ಆದರೆ ಪ್ರೈವೆಸಿ ಹಾಳೆಯನ್ನು ಫೋನಿಗೆಂದು ಮಾಡಿರುತ್ತಾರೆ, ಗೆರೆಗಳು ಹಾಳೆಯ ಉದ್ದಕ್ಕೆ ಸಾಗಿರುತ್ತವೆ. ಆಟದ ಯಂತ್ರದ ಉದ್ದ ಪರದೆಯನ್ನು ಅದೇ ಉದ್ದಕ್ಕೆ ಕತ್ತರಿಸಿದರೆ ಗೆರೆ ತಪ್ಪು ದಿಕ್ಕಿಗೆ ಬರುವುದು ಖಂಡಿತ. ಅಂಗಡಿಯ ಹುಡುಗರ ತಪ್ಪಲ್ಲ ಇದು. ಕತ್ತರಿಸುವ ಯಂತ್ರಕ್ಕೆ ಗೊತ್ತಿರುವುದು ಆಕಾರ ಮಾತ್ರ.

ದಿಕ್ಕು ಸರಿಯಾಗಿಯೇ ಸಿಕ್ಕಿತು ಎನ್ನೋಣ. ಆದರೂ ಒಂದು ತೊಡಕು ಉಳಿಯುತ್ತದೆ. ಕಪ್ಪಾಗುವುದು 30 ಡಿಗ್ರಿಯಲ್ಲಿ ಎಂದೆನಲ್ಲ, ಅದು ಸ್ವಿಚ್ಚು ಒತ್ತಿದ ಹಾಗೆ ಥಟ್ಟನೆ ಆಗುವುದಲ್ಲ. ನಡುವಿನಿಂದ ಸರಿದಂತೆಲ್ಲ ಬೆಳಕು ಕುಗ್ಗುತ್ತ ಹೋಗುತ್ತದೆ. ಫೋನಿನ ಅಗಲ ಸುಮಾರು 7 ಸೆಂಟಿಮೀಟರ್. ನೇರ ಹಿಡಿದಾಗ ಅದರ ಅಂಚನ್ನು ನಿಮ್ಮ ಕಣ್ಣು ನೋಡುವುದು 6 ಡಿಗ್ರಿಗೂ ಕಡಿಮೆ ಓರೆಯಲ್ಲಿ. ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. 7 ಇಂಚಿನ ಆಟದ ಪರದೆಯ ಅಗಲ 15 ಸೆಂಟಿಮೀಟರ್ ಮೀರುತ್ತದೆ. ಅದೇ ದೂರದಲ್ಲಿ ಹಿಡಿದರೆ ಅದರ ಎಡ ಬಲ ಅಂಚುಗಳು 12 ಡಿಗ್ರಿ ಓರೆಗೆ ಹೋಗುತ್ತವೆ. ಲೆಕ್ಕ ಹಾಕಿ ನೋಡಿದರೆ ಅಂಚಿನಲ್ಲಿ ನಡುವಿಗಿಂತ ಮೂರನೇ ಒಂದು ಪಾಲಿಗೂ ಹೆಚ್ಚು ಬೆಳಕು ಕಡಿಮೆ. 2025ರಲ್ಲಿ ಬಂದ ಸ್ವಿಚ್ 2ರ ಪರದೆ 7.9 ಇಂಚು, ಅಲ್ಲಿ ಇನ್ನೂ ಜಾಸ್ತಿ. ಜೊತೆಗೆ ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಅಂದರೆ ಎಡ ಅಂಚು ಎಡಗಣ್ಣಿಗೆ ಒಂದು ಬೆಳಕಿನಲ್ಲಿ, ಬಲಗಣ್ಣಿಗೆ ಇನ್ನೊಂದು ಬೆಳಕಿನಲ್ಲಿ ಕಾಣುತ್ತದೆ. ಎರಡನ್ನೂ ಹೊಂದಿಸುವ ಕೆಲಸ ಮಿದುಳಿನ ಪಾಲಿಗೆ. ಪ್ರೈವೆಸಿ ಗಾಜು ಹಾಕಿದ ದೊಡ್ಡ ಪರದೆ ನೋಡಿ ‘ಕಣ್ಣು ಒಂಥರಾ ಎಳೆಯುತ್ತೆ’ ಎನ್ನುವವರು ಸುಮ್ಮನೆ ಹೇಳುವುದಿಲ್ಲ. ಆಟದಲ್ಲೋ, ನಕ್ಷೆ, ಗುಂಡಿನ ಲೆಕ್ಕ, ಉಳಿದ ಜೀವ ಎಲ್ಲವನ್ನೂ ಇಡುವುದು ಮೂಲೆಗಳಲ್ಲೇ. ಮಂಕಾಗುವುದೂ ಮೂಲೆಯೇ.

ಒಟ್ಟು ಬೆಳಕಿನ ನಷ್ಟ ಬೇರೆ. ನೇರ ನೋಟದಲ್ಲೂ ಈ ಗಾಜು ಬೆಳಕಿನ ದೊಡ್ಡ ಪಾಲನ್ನು ತಡೆಯುತ್ತದೆ, ನಾವು ಬ್ರೈಟ್‌ನೆಸ್ ಏರಿಸುತ್ತೇವೆ, ಬ್ಯಾಟರಿ ಇಳಿಯುತ್ತದೆ. ಪಟ್ಟಣದಲ್ಲಿ ಇದು ಚಿಲ್ಲರೆ ವಿಷಯ. ಆಷಾಢದ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಬಾರದ ನಮ್ಮ ಊರುಗಳಲ್ಲಿ ಉಳಿದ ಶೇಕಡಾ 20 ಬ್ಯಾಟರಿ ಎಂದರೆ ಏನೆಂದು ನಿಮಗೇ ಗೊತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಥೆ ಹೇಳದಿದ್ದರೆ ಅನ್ಯಾಯ. ನಿಂಟೆಂಡೊ ಕಂಪನಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರ ಹುಟ್ಟಿದ್ದೇ ಪರರ ಕಣ್ಣು ತಪ್ಪಿಸುವ ಆಸೆಯಿಂದ ಎನ್ನುತ್ತಾರೆ. ಅಲ್ಲಿನ ಎಂಜಿನಿಯರ್ ಗುನ್‌ಪೆ ಯೊಕೊಯ್, ಜಪಾನಿನ ವೇಗದ ರೈಲಿನಲ್ಲಿ ಹೋಗುವಾಗ, ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಕೂತ ಒಬ್ಬ ಪ್ರಯಾಣಿಕನನ್ನು ಕಂಡರಂತೆ. ದೊಡ್ಡವರು ಬಹಿರಂಗವಾಗಿ ಆಟವಾಡಲು ನಾಚುತ್ತಾರೆ, ತೊಡೆಯ ಮೇಲೆ ಕೈ ಜೋಡಿಸಿಟ್ಟುಕೊಂಡಂತೆ ಕಾಣುವ, ಹೆಬ್ಬೆರಳಿನಲ್ಲೇ ಆಡುವ ಪುಟ್ಟ ಯಂತ್ರ ಇದ್ದರೆ ಹೇಗೆ ಎಂಬ ಯೋಚನೆ ಅಲ್ಲಿಂದ ಬಂತಂತೆ. 1980ರಲ್ಲಿ ‘ಗೇಮ್ ಅಂಡ್ ವಾಚ್’ ಬಂತು. 1989ರಲ್ಲಿ ಅವರ ತಂಡವೇ ‘ಗೇಮ್ ಬಾಯ್’ ತಂದಿತು. ಅದರ ಪರದೆಗೆ ಸ್ವಂತ ಬೆಳಕೇ ಇರಲಿಲ್ಲ. ಕಿಟಕಿಗೋ ಬಲ್ಬಿಗೋ ಸರಿಯಾಗಿ ವಾಲಿಸಿ ಹಿಡಿಯಬೇಕು. ಜಾತ್ರೆಯ ಅಂಗಡಿಗಳಲ್ಲಿ ನಮ್ಮ ಮಕ್ಕಳು ಹಟ ಹಿಡಿದು ಕೊಡಿಸಿಕೊಂಡ ಬ್ರಿಕ್ ಗೇಮ್ ಕೂಡ ಅದೇ ಜಾತಿಯದು. ಪೆನ್ಸಿಲ್ ಸೆಲ್ಲು ಹಾಕಿ ಇಟ್ಟಿಗೆ ಬೀಳಿಸುವ ಆ ಆಟವನ್ನು ಪಕ್ಕದವರು ನೋಡಬೇಕೆಂದರೆ ತಲೆಗೆ ತಲೆ ಡಿಕ್ಕಿ ಹೊಡೆಸಲೇಬೇಕಿತ್ತು.

ಡಿಕ್ಕಿ ಹೊಡೆಸುತ್ತಲೂ ಇದ್ದರು. ಒಂದೇ ಯಂತ್ರ, ಸುತ್ತ ನಾಲ್ಕು ತಲೆ, ಒಬ್ಬ ಆಡುವವನು, ಉಳಿದವರೆಲ್ಲ ಸಲಹೆಗಾರರು. ಇಂದಿಗೂ ಮಳೆಗಾಲದ ರಜೆಯಲ್ಲಿ ಯಾವುದಾದರೂ ಮನೆಯ ಜಗಲಿಗೆ ಹೋಗಿ ನೋಡಿ, ಹಾಗೇ ಇದೆ. ಆಟ ನೋಡುವುದೂ ಆಟದ ಅರ್ಧ ಪಾಲು. 2017ರಲ್ಲಿ ಸ್ವಿಚ್ ಬಂದಾಗ ಅದರ ಎರಡು ಬದಿಯ ಹಿಡಿಗಳನ್ನು ಕಳಚಿ ಇಬ್ಬರ ಕೈಗೆ ಒಂದೊಂದು ಕೊಟ್ಟು, ಪರದೆಯನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಹಾಗೆ ಮಾಡಿದ್ದರು. ಅದಕ್ಕೆ ಪ್ರೈವೆಸಿ ಗಾಜು ಅಂಟಿಸಿದರೆ ಅಕ್ಕ-ತಮ್ಮ ಇಬ್ಬರಲ್ಲಿ ಒಬ್ಬರಾದರೂ ಮಂಕು ಪರದೆಯಲ್ಲಿ ಆಡಬೇಕು. ಇನ್ನೊಂದು ಮಾತು, ತಂದೆ-ತಾಯಿಗೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ತಂದಿತು. ಕಾನೂನು ಬಂದ ಮಾತ್ರಕ್ಕೆ ಅಂಥ ಆಟಗಳ ಜಾಲ ಮಾಯವಾಗುವುದಿಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳ ಪರದೆ ಮನೆಯವರ ಕಣ್ಣಿಗೆ ಬೀಳುವಂತಿದ್ದರೆ ಅದನ್ನು ಗೂಢಚಾರಿಕೆ ಎನ್ನಲು ನಾನು ಸಿದ್ಧನಿಲ್ಲ.

ಹಾಗಾದರೆ ಆಟದ ಯಂತ್ರಕ್ಕೆ ಏನು ಹಾಕಿಸಬೇಕು? ಗೀರು ತಪ್ಪಿಸುವ ಸಾದಾ ಗಾಜು ಸಾಕು. ಮೊದಲ ಸ್ವಿಚ್ಚಿನ ಪರದೆ ಪ್ಲಾಸ್ಟಿಕ್ಕು, ಅದಕ್ಕಂತೂ ಬೇಕೇ ಬೇಕು. ಸ್ಟೀಮ್ ಡೆಕ್‌ನ ದುಬಾರಿ ಮಾದರಿಯ ಗಾಜನ್ನು ಹೊಳಪು ಕುಕ್ಕದಂತೆ ಕೊರೆದು ಮಾಡಿರುತ್ತಾರೆ, ಅದರ ಮೇಲೆ ಇನ್ನೊಂದು ಹೊಳೆಯುವ ಗಾಜು ಅಂಟಿಸಿದರೆ ಹೆಚ್ಚು ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಸ್ವಿಚ್ಚಿನ ಒಎಲ್‌ಇಡಿ ಮಾದರಿಯಲ್ಲಿ ಕಾರ್ಖಾನೆಯವರೇ ಅಂಟಿಸಿದ ತೆಳು ಪದರ ಒಂದಿದೆ, ಗಾಜು ಒಡೆದರೆ ಚೂರು ಚೆಲ್ಲದಿರಲೆಂದು. ಪೊರೆ ಎಂದು ತಿಳಿದು ಅದನ್ನು ಕೀಳಬೇಡಿ. ಡಬ್ಬದ ಮೇಲೆ ‘9ಎಚ್’ ಎಂದು ಬರೆದಿರುವುದನ್ನು ನೋಡಿ ವಜ್ರದಷ್ಟು ಗಟ್ಟಿ ಎಂದುಕೊಳ್ಳಬೇಡಿ. ಅದು ಪೆನ್ಸಿಲ್ಲಿನ ಲೆಕ್ಕ, 9ಎಚ್ ಪೆನ್ಸಿಲ್ ಗೀಚಿದರೆ ಗೀರು ಬೀಳದು ಎಂದಷ್ಟೇ ಅರ್ಥ. ನಮ್ಮ ದಾರಿಯ ಧೂಳಿನಲ್ಲಿರುವ ಮರಳಿನ ಕಣ ಗಾಜಿಗಿಂತ ಗಟ್ಟಿ. ಹಾಗಾಗಿ ಪರದೆಯನ್ನು ಒರಸುವ ಮೊದಲು ಊದಿ, ಆಮೇಲೆ ಒರಸಿ. ಅಂಟಿಸಲು ಒಳ್ಳೆಯ ಕಾಲ ನಮ್ಮ ಮಳೆಗಾಲವೇ, ಗಾಳಿಯಲ್ಲಿ ಧೂಳಿರುವುದಿಲ್ಲ. ತೇವ ಮಾತ್ರ ಪೂರ್ತಿ ಆರಿಸಿಕೊಳ್ಳಿ.

ಇನ್ನು ಫೋನು. ಬಸ್ಸಿನಲ್ಲಿ ಮೆಸೇಜು ಓದುವವರಿಗೆ, ಗಿರಾಕಿಗಳ ಎದುರು ವ್ಯವಹಾರ ಮಾಡುವವರಿಗೆ, ಆಸ್ಪತ್ರೆಯ ರಿಪೋರ್ಟನ್ನು ಫೋನಿನಲ್ಲೇ ನೋಡಬೇಕಾದವರಿಗೆ ಪ್ರೈವೆಸಿ ಗಾಜು ಉಪಯೋಗಕ್ಕೆ ಬರುತ್ತದೆ. ಮನೆಯ ಹಿರಿಯರ ಫೋನಿಗೆ ಬೇಡ, ಅವರಿಗೆ ಬೆಳಕೇ ಮುಖ್ಯ. ಆದರೆ ಗಾಜು ಇದೆಯೆಂದು ಯುಪಿಐ ಪಿನ್ ವಿಷಯದಲ್ಲಿ ಮೈಮರೆಯಬಾರದು. ಪಿನ್ ಒತ್ತುವಾಗ ಪರದೆಯಲ್ಲಿ ಅಂಕಿಯ ಬದಲು ಚುಕ್ಕೆ ಬೀಳುತ್ತದೆ, ಗಾಜು ಅದನ್ನೂ ಕಪ್ಪು ಮಾಡುತ್ತದೆ, ಸರಿ. ನಿಮ್ಮ ಬೆರಳನ್ನು ಯಾವ ಗಾಜು ಮುಚ್ಚುತ್ತದೆ? 1 ಮೇಲೆ ಎಡಕ್ಕೆ, 0 ಕೆಳಗೆ ನಡುವೆ ಎಂಬುದು ಎಲ್ಲರಿಗೂ ಗೊತ್ತು. ಬೆರಳು ಎಲ್ಲೆಲ್ಲಿ ಇಳಿಯಿತು ಎಂದು ನೋಡಿದವರಿಗೆ ಪರದೆ ಕಾಣಬೇಕಾಗಿಯೇ ಇಲ್ಲ. ಇನ್ನೊಂದು ಕೈಯನ್ನು ಅಡ್ಡ ಹಿಡಿಯುವ ಹಳೆಯ ಪದ್ಧತಿಯನ್ನು ಬಿಡಬೇಡಿ.

ಕೊನೆಗೆ, ಕೊಳ್ಳುವುದೇ ಆದರೆ ಹೀಗೆ ಮಾಡಿ. ಅಂಟಿನ ಕಾಗದ ಬಿಡಿಸುವ ಮೊದಲು ಗಾಜನ್ನು ಪರದೆಯ ಮೇಲೆ ಸುಮ್ಮನೆ ಇಡಿಸಿ. ನೀವು ದಿನಾ ಹೇಗೆ ಹಿಡಿಯುತ್ತೀರೋ ಹಾಗೆಯೇ ಹಿಡಿಯಿರಿ, ಉದ್ದವಾದರೆ ಉದ್ದ, ಅಡ್ಡವಾದರೆ ಅಡ್ಡ. ಜೊತೆಗೆ ಬಂದವರನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿ, ಏನು ಕಾಣುತ್ತದೆ ಎಂದು ಕೇಳಿ. ಆಮೇಲೆ ಅದೇ ಗಾಜಿನಲ್ಲಿ ನಿಮಗೆ ಬೇಕಾದ ಸಣ್ಣ ಅಕ್ಷರ ಬೀದಿಯ ಬಿಸಿಲಿನಲ್ಲೂ ಓದಲು ಆಗುತ್ತದೆಯೇ ಎಂದು ಹೊರಗೆ ಹೋಗಿ ನೋಡಿ. ಇಷ್ಟಕ್ಕೆ ಐದು ನಿಮಿಷ ಹಿಡಿಯುತ್ತದೆ. ಅಂಗಡಿಯವರಿಗೆ ಬೇಸರವಾದರೂ ಆಗಲಿ; ಒಮ್ಮೆ ಅಂಟಿನ ಕಾಗದ ಬಿಡಿಸಿದ ಮೇಲೆ ಆ ಗಾಜನ್ನು ಅವರು ವಾಪಸು ತೆಗೆದುಕೊಳ್ಳುವುದಿಲ್ಲ.